ಗಾಳಿ ಲೈನಿನ ತಿರುವು

ಒಂಬತ್ತು ದಿನಗಳಿಂದ ಬಾಟಲಿಗಳು ಅದೇ ತಿರುವಿನಲ್ಲಿ ಸಿಕ್ಕಿಬೀಳುತ್ತಿದ್ದವು. ಒಂಬತ್ತು ದಿನಗಳಿಂದ ನೇತ್ರಾ ನಾಯ್ಕ ಕುಮಟೆಯಲ್ಲಿ ಏಳೂವರೆಯ ಬಸ್ಸು ಹಿಡಿದು ಹಿರೇಗುತ್ತಿಯ ನೀರಿನ ಫ್ಯಾಕ್ಟರಿಗೆ ಬರುವುದು, ಕತ್ತೆತ್ತಿ ಆ ತಿರುವನ್ನೇ ನೋಡುತ್ತ ನಿಲ್ಲುವುದು, ಸಂಜೆ ಕತ್ತು ನೋಯಿಸಿಕೊಂಡು ವಾಪಸಾಗುವುದು. ಅದು ಎರಡು ಸಾವಿರದ ನಾಲ್ಕರ ಏಪ್ರಿಲ್. ಹೆದ್ದಾರಿಯ ಅಂಗಡಿಗಳೆಲ್ಲ ತಣ್ಣೀರು ಬಾಟಲಿ ಬೇಕು ಎಂದು ಬಾಯಿಬಿಟ್ಟುಕೊಂಡು ಕೂತಿದ್ದ ಕಾಲ.

ಲೈನಿನ ನಕ್ಷೆ ಅವಳೇ ಬಿಡಿಸಿದ್ದು. ಬಾಟಲಿ ಊದುವ ಕೋಣೆಯಿಂದ ನೀರು ತುಂಬುವ ಕೋಣೆಗೆ ನಲವತ್ತು ಮೀಟರು ದೂರ. ಖಾಲಿ ಪ್ಲಾಸ್ಟಿಕ್ ಬಾಟಲಿಗೆ ತೂಕ ಎನ್ನುವುದೇ ಇಲ್ಲ; ಬೆಲ್ಟಿನ ಮೇಲೆ ನಿಲ್ಲಿಸಿ ಕಳಿಸಿದರೆ ಒಂದು ಮಗುಚಿ ಹತ್ತನ್ನು ಮಗುಚಿಸುತ್ತದೆ. ಹಾಗಾಗಿ ಅದನ್ನು ನಿಲ್ಲಿಸಬಾರದು, ತೂಗುಹಾಕಬೇಕು. ಬಾಟಲಿಯ ಕತ್ತಿಗೆ, ಮುಚ್ಚಳದ ಕೆಳಗೆ, ಒಂದು ಉಂಗುರ ಇರುತ್ತದಲ್ಲ, ಆ ಉಂಗುರವನ್ನು ಎರಡು ಸ್ಟೀಲ್ ಪಟ್ಟಿಗಳ ಮೇಲೆ ಕೂರಿಸಿ, ಮೇಲಿನ ಪೆಟ್ಟಿಗೆಯಂಥ ಕೊಳವೆಯ ಓರೆ ಸೀಳುಗಳಿಂದ ಗಾಳಿ ಬಿಟ್ಟರೆ ಸಾಕು. ಬಾಟಲಿಗಳು ಒಂದರ ಹಿಂದೊಂದು ತಾವಾಗಿಯೇ ಓಡುತ್ತವೆ. ಮೋಟರು ಎಳೆಯುವುದಿಲ್ಲ, ಚೈನು ಎಳೆಯುವುದಿಲ್ಲ, ಬರೀ ಗಾಳಿ. ಕೆಲಸದವರು ಅದಕ್ಕೆ ‘ಗಾಳಿ ಲೈನು’ ಎಂದೇ ಹೆಸರಿಟ್ಟಿದ್ದರು.

ಇಂಥ ಲೈನು ಮಾಡಿಕೊಡುವ ಹೊರಗಿನ ಕಂಪನಿ ಎಂಟು ತಿಂಗಳು ಕಾಯಿರಿ ಎಂದಿತ್ತು. ಕುಮಟೆಯ ವಿಶ್ವನಾಥನ ವರ್ಕ್‌ಶಾಪು ಮೂರು ತಿಂಗಳಲ್ಲಿ ಕೊಡುತ್ತೇನೆ ಎಂದಿತು. ಅಲ್ಲಿಯವರೆಗೆ ಗೇಟು, ಗ್ರಿಲ್ಲು, ಎಣ್ಣೆ ಗಾಣದ ಬಿಡಿಭಾಗ ಮಾಡುತ್ತಿದ್ದ ವರ್ಕ್‌ಶಾಪು ಅದು. ಧೈರ್ಯ ಎಲ್ಲಾ ನೇತ್ರಾಳದು. ಭಟ್ಕಳದ ಆಚೆಯ ಬೆಳಕೆಯಲ್ಲಿ ದೋಣಿಯ ಇಂಜಿನ್ ಬಿಚ್ಚಿ ಜೋಡಿಸುವ ಪಾಂಡುವಿನ ಮಗಳು. ಕಾರವಾರದಲ್ಲಿ ಡಿಪ್ಲೊಮಾ ಮಾಡಿ, ಆರು ವರ್ಷದಿಂದ ವಿಶ್ವನಾಥನ ಹತ್ತಿರ ನಕ್ಷೆ ಬಿಡಿಸುತ್ತಿದ್ದಳು. ಗೋವಾದ ಒಂದು ಫ್ಯಾಕ್ಟರಿಯಲ್ಲಿ ಎರಡು ತಾಸು ನಿಂತು ಗಾಳಿ ಲೈನು ನೋಡಿ ಬಂದಿದ್ದಳು. ಉಳಿದದ್ದನ್ನು ಕಾಗದದ ಮೇಲೆ, ತಗಡಿನ ಮೇಲೆ, ಗಾಳಿ ಬೀಸುವ ಹಳೆಯ ಬ್ಲೋವರ್ ಇಟ್ಟುಕೊಂಡು ಕಲಿತಳು. ಫೆಬ್ರವರಿಯಲ್ಲಿ ಮೊದಲ ಸಲ ಬಾಟಲಿಗಳು ಸರ್ರನೆ ಓಡಿದಾಗ ಕೆಲಸದವರೆಲ್ಲ ಚಪ್ಪಾಳೆ ತಟ್ಟಿದ್ದರು.

ಆಮೇಲೆ, ಏಪ್ರಿಲ್ ಬರುತ್ತಿದ್ದ ಹಾಗೆ, ಶುರುವಾಯಿತು ಈ ಕಾಟ. ನೆಲದಿಂದ ಹನ್ನೊಂದು ಅಡಿ ಮೇಲೆ ಲೈನು ಎಡಕ್ಕೆ ತಿರುಗುವಲ್ಲಿ ಬಾಟಲಿಗಳು ಬೆಣೆ ಹೊಡೆದ ಹಾಗೆ ನಿಂತುಬಿಡುತ್ತಿದ್ದವು. ಅವಳು ಗಾಳಿ ಹೆಚ್ಚಿಸಿ ನೋಡಿದಳು, ಕಡಿಮೆ ಮಾಡಿ ನೋಡಿದಳು. ಫಿಲ್ಟರ್ ತೊಳೆಸಿದಳು. ಪಟ್ಟಿಗಳಿಗೆ ಪಾಲಿಶ್ ಹಿಡಿಸಿದಳು. ತಾಸಿಗೆ ನಾಲ್ಕು ಸಲ ನಿಲ್ಲುವುದು ಐದು ಸಲವಾಯಿತೇ ಹೊರತು ಕಡಿಮೆಯಾಗಲಿಲ್ಲ. ಆಗೆಲ್ಲ ಶುಕ್ರ ದೋಟಿ ತಂದು, ಮಾವಿನಕಾಯಿ ಉದುರಿಸುವವನ ಹಾಗೆ ಕೆಳಗಿನಿಂದ ತಟ್ಟುತ್ತಿದ್ದ. ಬಾಟಲಿಗಳು ಬಿಡಿಸಿಕೊಂಡು ಮತ್ತೆ ಓಡುತ್ತಿದ್ದವು.

ಶುಕ್ರ ಗೌಡ ಹೊಳನಗದ್ದೆಯವನು, ನಲವತ್ತರ ಆಸುಪಾಸು. ಮೊದಲು ಊರಿನ ತೆಂಗಿನ ಮರಗಳನ್ನೆಲ್ಲ ಹತ್ತಿ ಕಾಯಿ ಕೊಯ್ಯುತ್ತಿದ್ದವನು, ಫ್ಯಾಕ್ಟರಿ ಬಂದ ಮೇಲೆ ಇಲ್ಲಿ ಸೇರಿದ್ದ. ಅವಳು ಊಟ ಮಾಡದೆ ನಿಂತಿದ್ದರೆ ಅವನೇ ಬಂದು, “ಅಕ್ಕೋರೆ, ಬಾಟ್ಲಿ ಎಲ್ಲೂ ಓಡಿ ಹೋಗೂದಿಲ್ಲ, ಉಂಡ್ಕಂಡು ಬನ್ನಿ” ಎನ್ನುತ್ತಿದ್ದ.

ಒಂಬತ್ತನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಲೈನು ಮತ್ತೆ ನಿಂತಿತು. ನೇತ್ರಾ ಬ್ಲೋವರಿನ ಸ್ವಿಚ್ಚಿನ ಹತ್ತಿರ ಇದ್ದಳು. ಸ್ವಿಚ್ಚು ಆರಿಸಿದರೆ ಬಾಟಲಿಗಳು ಸಡಿಲಾಗುತ್ತವೆ, ಹೇಗೆ ಸಿಕ್ಕಿಕೊಂಡಿದ್ದವು ಎನ್ನುವುದೇ ತಿಳಿಯುವುದಿಲ್ಲ. ಗಾಳಿ ಬೀಸುತ್ತಿರುವಾಗಲೇ ಯಾರಾದರೂ ಮೇಲಿನಿಂದ ಇಣುಕಬೇಕು. ಏಣಿ ಸ್ಟೋರಿನ ಒಳಗಿತ್ತು; ಸ್ಟೋರಿನ ಕೀಲಿ ಇಟ್ಟುಕೊಂಡವನು ಚಹಕ್ಕೆ ಹೋಗಿದ್ದ.

“ಶುಕ್ರಣ್ಣ, ಸ್ವಲ್ಪ ಮೇಲೆ ಹತ್ತಿ ನೋಡ್ತೀರಾ? ಉಂಗ್ರ ಹ್ಯಾಂಗೆ ಸಿಕ್ಕೊಂಡದೆ ಹೇಳಿ.”

“ಅದ್ಕೆಂತ, ನೋಡ್ವ.”

ಬ್ಲೋವರಿನ ಗದ್ದಲದಲ್ಲಿ ಅವರಿಬ್ಬರ ಮಾತು ಮೂರನೆಯವರ ಕಿವಿಗೆ ಬೀಳುವ ಹಾಗಿರಲಿಲ್ಲ. ಶುಕ್ರ ಖಾಲಿ ಕ್ರೇಟುಗಳನ್ನು ಒಂದರ ಮೇಲೊಂದು ಐದು ಪೇರಿಸಿ, ಬರಿಗಾಲಲ್ಲಿ ಹತ್ತಿ, ಒಂದು ಕೈಯಲ್ಲಿ ಕೊಳವೆಯ ಆಧಾರದ ಕಂಬಿ ಹಿಡಿದು ತಲೆ ಮೇಲೆತ್ತಿದ. ನೋಡಿದ. ಅವಳ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ. ಆಗಲೇ ಮೂರನೆಯ ಕ್ರೇಟು ಜಾರಿತು.

ಎಪ್ಪತ್ತು ಅಡಿ ಮರ ಹತ್ತಿ ಇಳಿದವನು ಕ್ರೇಟಿನ ಮೇಲಿನಿಂದ ಸಿಮೆಂಟಿನ ನೆಲಕ್ಕೆ ಬೆನ್ನಡಿಯಾಗಿ ಬಿದ್ದ. ನೇತ್ರಾ ಓಡಿಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಅವನ ಕಣ್ಣು ತೆರೆದೇ ಇತ್ತು. ರಕ್ತ ಇರಲಿಲ್ಲ, ಕೂಗಾಟ ಇರಲಿಲ್ಲ.

“ಅಕ್ಕೋರೆ, ನನ್ನ ಕಾಲ ಮೇಲೆ ಎಂತ ಬಿದ್ದದೆ? ತೆಗೀರಿ ಅದನ್ನ.”

ಅವನ ಕಾಲ ಮೇಲೆ ಏನೂ ಬಿದ್ದಿರಲಿಲ್ಲ.

ಲೋಡಿಂಗಿನ ಇಬ್ಬರು ಓಡಿಬಂದು ಕೈಕಾಲು ಹಿಡಿದು ಎತ್ತಲು ಹೋದರು. “ಮುಟ್ಬೇಡಿ! ಹಲಗೆ ತನ್ನಿ, ಹಲಗೆ!” ಎಂದು ಅವಳು ಕಿರುಚಿದ ಸದ್ದು ಅವಳಿಗೇ ಬೇರೆ ಯಾರದೋ ಎನಿಸಿತು. ಬ್ಲೋವರ್ ಇನ್ನೂ ಬೀಸುತ್ತಿತ್ತು.

ಕುಮಟೆಯ ಆಸ್ಪತ್ರೆಯಲ್ಲಿ ನೋಡಿದವರು ಮಣಿಪಾಲಕ್ಕೆ ಒಯ್ಯಿರಿ ಎಂದರು. ಶುಕ್ರನ ಹೆಂಡತಿ ಸುಬ್ಬಿಯನ್ನು ಯಾರೋ ಬೈಕಿನಲ್ಲಿ ಗದ್ದೆಯಿಂದಲೇ ಕರೆತಂದಿದ್ದರು; ಸೀರೆಯ ಅಂಚಿಗೆ ಮೆತ್ತಿದ ಮಣ್ಣು ಇನ್ನೂ ಹಸಿಯಾಗಿತ್ತು. ಆಂಬುಲೆನ್ಸಿನಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂತರು, ನಡುವೆ ಹಲಗೆಗೆ ಕಟ್ಟಿದ ಶುಕ್ರ. ಹೊನ್ನಾವರದ ಸೇತುವೆ ಬಂತು, ಹೋಯಿತು. ರಸ್ತೆಯ ಹೊಂಡ ಸಿಕ್ಕಿದಾಗಲೆಲ್ಲ ಸುಬ್ಬಿ ಗಂಡನ ಎದೆಯ ಮೇಲೆ ಕೈ ಇಡುತ್ತಿದ್ದಳು. ಭಟ್ಕಳ ದಾಟಿ ಬೆಳಕೆ ಬಂದಾಗ ನೇತ್ರಾ ಅಪ್ಪನ ಮನೆಯ ದಾರಿಯ ಕಡೆ ತಿರುಗಿಯೂ ನೋಡಲಿಲ್ಲ.

“ಅಂವ ಮೇಲೆ ಹತ್ತಿದ್ದು ಎಂತಕ್ಕೆ?” ಸುಬ್ಬಿ ಕೇಳಿದಳು.

“ಬಾಟ್ಲಿ ಸಿಕ್ಕೊಂಡಿತ್ತು.”

ಸುಳ್ಳಲ್ಲ. ಆದರೆ ಅದು ಉತ್ತರವೂ ಅಲ್ಲ ಎಂದು ಹೇಳಿದವಳಿಗೆ ಗೊತ್ತಿತ್ತು.

ಬೆನ್ನಿಗೆ ಆಪರೇಷನ್ ಆಯಿತು. ಮೂಳೆ ಕೂರಿಸಿದ್ದೇವೆ, ಒಳಗಿನ ನರದ ಮಾತು ಈಗಲೇ ಹೇಳಲಾಗದು, ಕಾಯಬೇಕು ಎಂದರು ಡಾಕ್ಟರು. ಎಷ್ಟು ದಿನ ಎಂದರೆ ಅದಕ್ಕೂ ಅದೇ ಮಾತು. ನೇತ್ರಾ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಎರಡು ಹಗಲು ಕಳೆದಳು. ವಾರ್ಡಿನಿಂದ ನರ್ಸು ಹೊರಗೆ ಬಂದಾಗಲೆಲ್ಲ ಎದ್ದು ನಿಲ್ಲುವಳು. ಮತ್ತೆ ಕೂರುವಳು.

ಮೂರನೆಯ ದಿನ ಫ್ಯಾಕ್ಟರಿಯ ಮ್ಯಾನೇಜರ್ ಕೃಷ್ಣಾನಂದ ಹೆಗಡೆ ಎಳನೀರು ಹಿಡಿದುಕೊಂಡು ಬಂದರು. ಒಳ್ಳೆಯ ಮಾತಿನ ಮನುಷ್ಯ, ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ. ಮಂಚದ ಬದಿಗೆ ನಿಂತು ಅವರು ಕೇಳಿದ್ದೂ ಶುಕ್ರ ಹೇಳಿದ್ದೂ ಬಾಗಿಲ ಹೊರಗಿದ್ದ ನೇತ್ರಾಳಿಗೆ ಕೇಳಿಸಿತು.

“ನಿನ್ನ ಯಾರಾದ್ರೂ ಹತ್ತು ಅಂದಿದ್ರಾ ಶುಕ್ರ?”

“ಇಲ್ಲ ಒಡೆಯಾ. ನಾನೇ ಹತ್ತಿದ್ದು.”

ಅವಳಿಗೆ ಎದೆಯೊಳಗೆ ಕಟ್ಟಿದ್ದ ಉಸಿರು ಒಮ್ಮೆಲೇ ಹೊರಗೆ ಬಂತು. ಬದುಕಿದೆ ಎನ್ನಿಸಿತು. ಎನ್ನಿಸಿದ ಮರುಕ್ಷಣವೇ ತನ್ನ ಮೇಲೆ ತನಗೇ ಎಂಥ ಹೇಸಿಗೆ ಬಂತೆಂದರೆ, ಅವಳು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದಳು, ಮತ್ತೆ ತೊಳೆದಳು, ಮತ್ತೆಯೂ ತೊಳೆದಳು.

ಹೆಗಡೆಯವರು ಹೋದ ಮೇಲೆ, ಸುಬ್ಬಿ ಗಂಜಿ ತರಲು ಕೆಳಗೆ ಇಳಿದಾಗ, ಅವಳು ಒಳಗೆ ಹೋದಳು.

“ಶುಕ್ರಣ್ಣ, ಅವ್ರಿಗೆ ಯಾಕೆ ಹಾಂಗೆ ಹೇಳಿದ್ರಿ?”

ಶುಕ್ರ ಚಾವಣಿಯ ಕಡೆ ನೋಡುತ್ತಲೇ ಇದ್ದ. ಅವನಿಗೆ ಕತ್ತು ತಿರುಗಿಸಬಾರದು ಎಂದಿದ್ದರು.

“ನೀವು ನಿಂತೇ ಇರ್ತಿದ್ರಿ ಅಕ್ಕೋರೆ, ಒಂಬತ್ತು ದಿನ. ನಿಮ್ಮ ಕೆಲಸನೂ ಹೋದ್ರೆ ಎಂತ ಬಂತು?” ಎಂದ. ಆಮೇಲೆ, “ನೀವು ಕೇಳಿದ್ದು ನಾ ಹೇಳ್ಲೇ ಇಲ್ಲ ಅಲ್ದಾ. ಉಂಗ್ರ ಹ್ಯಾಂಗೆ ಸಿಕ್ಕೊಂಡದೆ ಕೇಳಿದ್ರಿ” ಎಂದ.

“ಈಗ ಅದು ಬೇಡ.”

“ಹಿಂದಿನ ಬಾಟ್ಲಿದು ಮುಂದಿನದರ ಮೇಲೆ ಹತ್ತಿ ಕೂತಿತ್ತು. ಉಂಗ್ರದ ಮೇಲೆ ಉಂಗ್ರ. ಮೀನಿನ ಮೈಮೇಲೆ ಹಳಕು ಹ್ಯಾಂಗೆ ಒಂದರ ಮೇಲೊಂದು ಇರ್ತದೆ, ಹಾಂಗೆ. ಅದ್ಕೇ ಬಿಗಿ.”

ಅವಳು ಮಂಚದ ಕಂಬಿ ಹಿಡಿದುಕೊಂಡಳು. ಒಂಬತ್ತು ದಿನ ಅವಳ ತಲೆಗೆ ಹೊಳೆಯದ ಸಂಗತಿ. ಹಾಗಾಗಲು ಸಾಧ್ಯವೇ ಇಲ್ಲ ಎಂದು ಲೆಕ್ಕ ಹಾಕಿಯೇ ನಕ್ಷೆ ಬಿಡಿಸಿದ್ದಳು. ಕೆಳಗಿನ ಪಟ್ಟಿಗೂ ಮೇಲಿನ ಕೊಳವೆಯ ಅಂಚಿಗೂ ನಡುವೆ ಉಂಗುರ ಓಡುವ ಸಂದಿಯ ಎತ್ತರ ಮೂರೂವರೆ ಮಿಲಿಮೀಟರು. ಉಂಗುರದ ದಪ್ಪ ಎರಡು. ಎರಡು ಉಂಗುರ ಒಂದರ ಮೇಲೊಂದು ಬಂದರೆ ನಾಲ್ಕಾಗುತ್ತದೆ. ಸಂದಿಯೊಳಗೆ ಹಿಡಿಯುವುದೇ ಇಲ್ಲ. ಹಾಗಿದ್ದ ಮೇಲೆ ಹೇಗೆ?

ಮರುದಿನ ಅವಳು ನೇರ ಹಿರೇಗುತ್ತಿಗೆ ಹೋದಳು. ಲೈನು ನಿಂತೇ ಇತ್ತು. ಕ್ರೇಟುಗಳು ಬಿದ್ದಲ್ಲೇ ಬಿದ್ದಿದ್ದವು. ಒಬ್ಬರೂ ಅವನ್ನು ಮುಟ್ಟಿರಲಿಲ್ಲ. ಅವಳು ವರ್ನಿಯರ್ ತೆಗೆದು ಬುಟ್ಟಿಯಿಂದ ಒಂದು ಬಾಟಲಿ ಎತ್ತಿ ಅದರ ಉಂಗುರ ಅಳೆದಳು. ಒಂದು ಪಾಯಿಂಟ್ ಆರು. ಮತ್ತೊಂದು ಎತ್ತಿದಳು. ಒಂದು ಪಾಯಿಂಟ್ ಆರು. ಇಪ್ಪತ್ತು ಬಾಟಲಿ ಅಳೆದಳು. ಎರಡು ಬಂದದ್ದು ಒಂದೂ ಇಲ್ಲ. ವಿಚಾರಿಸಿದರೆ, ಬಾಟಲಿ ಊದಲು ತರಿಸುವ, ಕತ್ತು ಉಂಗುರ ಮೊದಲೇ ಇರುವ ಪ್ಲಾಸ್ಟಿಕ್ ಕೊಳವೆಗಳನ್ನು ಮಾರ್ಚ್ ಕೊನೆಯಲ್ಲಿ ಬೇರೆ ಕಡೆಯಿಂದ ತರಿಸಲು ಶುರುಮಾಡಿದ್ದರು. ಹಗುರವಾದದ್ದು, ಉಂಗುರವೂ ತೆಳ್ಳಗಿನದು. ಎರಡು ಸೇರಿದರೆ ಮೂರು ಪಾಯಿಂಟ್ ಎರಡು. ಸಂದಿಯಲ್ಲಿ ಸಲೀಸಾಗಿ ಹಿಡಿಯುತ್ತದೆ. ತಿರುವಿನಲ್ಲಿ ಹಿಂದಿನವು ಒತ್ತಿದಾಗ ಒಂದು ಇನ್ನೊಂದರ ಮೇಲೆ ಏರುತ್ತದೆ, ಬೆಣೆಯಾಗುತ್ತದೆ. ಯಾರೂ ಅವಳಿಗೆ ತಿಳಿಸಿರಲಿಲ್ಲ. ಅವಳೂ ಕೇಳಿರಲಿಲ್ಲ, ಅಳೆದಿರಲೂ ಇಲ್ಲ.

ವಿಶ್ವನಾಥ ಇದನ್ನು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟ. ನಾಲ್ಕು ದಿನದಿಂದ ಗಡ್ಡ ತೆಗೆಯದೆ, ವರ್ಕ್‌ಶಾಪಿನ ಬಾಗಿಲು ಅರ್ಧ ಹಾಕಿಕೊಂಡು ಕೂತಿದ್ದ.

“ಬಚಾವಾದ್ವಿ ಮಾರಾಯ್ತಿ! ತಪ್ಪು ನಮ್ದಲ್ಲ. ಅವ್ರು ಬಾಟ್ಲಿ ಬದ್ಲಿಸಿದ್ದಕ್ಕೆ ನಾವೆಂತ ಮಾಡೂದು? ನಕ್ಷೆಯಲ್ಲಿ ಉಂಗುರ ಎರಡು ಮಿಲಿಮೀಟರ್ ಅಂತ ಬರೆದಿದ್ದೆ ಅಲ್ವಾ ನೀನು?”

“ಬರೆದಿದ್ದೆ.”

“ಆತು ಮತ್ತೆ.”

“ಹತ್ಲಿಕ್ಕೆ ದಾರಿ ಬರೆದಿರ್ಲಿಲ್ಲ ವಿಶ್ವಣ್ಣ.”

ವಿಶ್ವನಾಥನ ಮುಖ ಇಳಿಯಿತು. ಮೊದಲ ನಕ್ಷೆಯಲ್ಲಿ ತಿರುವಿನ ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲು, ನಿಂತು ನೋಡಲು ಸುತ್ತ ಕಂಬಿಯ ಕಟಾಂಜನ ಇದ್ದ ಅಟ್ಟಣಿಗೆ ಎರಡೂ ಇದ್ದವು. ಅದಿದ್ದರೆ ಲಾರಿ ಹಿಮ್ಮೆಟ್ಟಿಸಲು ತೊಂದರೆ ಎಂದು ಫ್ಯಾಕ್ಟರಿಯವರು ಹೇಳಿದ್ದರು. ಸಂಜೆಯೊಳಗೆ ತೆಗೆದು ಹೊಸದು ಬಿಡಿಸು ಎಂದು ವಿಶ್ವನಾಥ ಹೇಳಿದ್ದ. ಅವಳು ತುಟಿ ಎರಡು ಮಾಡದೆ ಬಿಡಿಸಿದ್ದಳು, ಕೆಳಗೆ ಸಹಿಯನ್ನೂ ಹಾಕಿದ್ದಳು. ಲೈನು ಬೇಗ ಓಡಬೇಕು ಎನ್ನುವ ಆಸೆ ಅವಳಿಗೇ ಎಲ್ಲರಿಗಿಂತ ಹೆಚ್ಚಾಗಿತ್ತು.

“ಅದು ಈಗ ಎಂತಕ್ಕೆ?” ಎಂದ ವಿಶ್ವನಾಥ ತಗ್ಗಿದ ದನಿಯಲ್ಲಿ.

ಎಂತಕ್ಕೆ ಎನ್ನುವುದು ಮರುದಿನ ತಿಳಿಯಿತು. ಹೆಗಡೆಯವರು ಅವಳನ್ನು ಕರೆಸಿದರು. ಮೇಜಿನ ಮೇಲೆ ಟೈಪು ಮಾಡಿದ ಹಾಳೆ. ಸೋಮವಾರ ಕಾರವಾರದಿಂದ ಕಾರ್ಖಾನೆ ಇನ್ಸ್‌ಪೆಕ್ಟರು ಬರುವವರಿದ್ದರು.

“ನೀವೊಬ್ರೇ ಹತ್ತಿರ ಇದ್ದದ್ದು ನೇತ್ರಾ. ಒಂದು ಸಹಿ ಆಗ್ಬೇಕಿತ್ತು.”

ಅವಳು ಓದಿದಳು. ಶುಕ್ರ ಗೌಡ ಎಂಬ ಕೆಲಸಗಾರನು ಮದ್ಯಪಾನ ಮಾಡಿ ಬಂದಿದ್ದು, ಯಾರ ಅಪ್ಪಣೆಯೂ ಇಲ್ಲದೆ ಮೇಲೆ ಹತ್ತಿದ್ದು, ಎಂದು ಇತ್ತು. ಲೋಡಿಂಗಿನ ಇಬ್ಬರ ಸಹಿ ಆಗಲೇ ಬಿದ್ದಿತ್ತು.

“ಅವ್ರು ಕುಡಿದಿರ್ಲಿಲ್ಲ ಸರ್.”

“ಭಾನುವಾರ ಕುಡೀತಾನೆ, ಊರಿಗೆಲ್ಲ ಗೊತ್ತುಂಟು.”

“ಅದು ಮಂಗಳವಾರ.”

ಹೆಗಡೆಯವರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಿ, ನನಗೂ ಇದು ಸಂತೋಷದ ಕೆಲಸ ಅಲ್ಲ. ಫ್ಯಾಕ್ಟರಿ ಮುಚ್ಚಿದ್ರೆ ಅರವತ್ತು ಮನೆಯವರು ಬೀದಿಗೆ ಬರ್ತಾರೆ. ಇನ್ನೊಂದು ಮಾತು. ಅಂವ ತಾನಾಗಿ ಹತ್ತಿದ್ದಲ್ಲ ಅಂದ್ರೆ ಮತ್ಯಾರು ಹತ್ತಿಸಿದ್ದು ಅಂತ ಕೇಳ್ತಾರೆ. ಕೇಳೂದಿಲ್ವಾ?”

ಅವರಿಗೆ ಗೊತ್ತಿದೆಯೇ, ಊಹೆಯೇ, ಬರೀ ಬೆದರಿಕೆಯೇ ಎಂದು ಅವಳಿಗೆ ತಿಳಿಯಲಿಲ್ಲ. ನಾಳೆ ಹೇಳುತ್ತೇನೆ ಎಂದು ಎದ್ದುಬಂದಳು.

ಹೆದ್ದಾರಿಯ ಬಸ್‌ಸ್ಟಾಪಿಗೆ ಬಂದು ನಿಂತಳು. ಸಹಿ ಹಾಕಿದರೆ ಕುಡುಕ ಎನ್ನಿಸಿಕೊಂಡವನಿಗೆ ಪರಿಹಾರ ಎನ್ನುವುದು ಹುಟ್ಟುವುದಿಲ್ಲ. ಕಾಲಿಗೆ ಸ್ವಾಧೀನವಿಲ್ಲದೆ ಮಲಗಿದವನ ಮನೆ ನಡೆಯುವುದು ಹೇಗೆ? ಹಾಕದಿದ್ದರೆ, ಹತ್ತಿಸಿದವಳು ನಾನು ಎನ್ನಬೇಕು. ಹಾಗೆಂದವಳಿಗೆ ಇನ್ನು ಮುಂದೆ ಈ ಕರಾವಳಿಯಲ್ಲಿ ಯಾರು ನಕ್ಷೆ ಬಿಡಿಸಲು ಕೊಡುತ್ತಾರೆ? ವಿಶ್ವನಾಥನ ವರ್ಕ್‌ಶಾಪು ಉಳಿಯುತ್ತದೆಯೇ? ಪೊಲೀಸು, ಕೋರ್ಟು ಎಂದೇನಾದರೂ ಆದರೆ ಅಪ್ಪ ಬೆಳಕೆಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಕುಮಟೆಯ ಬಸ್ಸು ಬಂದು ಹೋಯಿತು. ಇನ್ನೊಂದೂ ಬಂದು ಹೋಯಿತು. ಮೂರನೆಯದು ಮಂಗಳೂರಿನದು. ಅವಳು ಅದನ್ನು ಹತ್ತಿದಳು.

ಮಣಿಪಾಲ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಸುಬ್ಬಿ ವಾರ್ಡಿನ ಹೊರಗಿನ ಮೊಗಸಾಲೆಯಲ್ಲಿ ಒಗೆದ ಬಟ್ಟೆ ಹಿಂಡುತ್ತ ನಿಂತಿದ್ದಳು. ನೇತ್ರಾ ಹತ್ತಿರ ಹೋಗಿ, ಕೂರದೆ, ಪೀಠಿಕೆ ಹಾಕದೆ, ಹೇಳಿದಳು.

“ಸುಬ್ಬಕ್ಕ, ಅವ್ರು ತಾವಾಗಿ ಹತ್ತಿದ್ದಲ್ಲ. ನಾ ಹತ್ತಿ ಅಂದೆ. ಅದ್ಕೆ ಹತ್ತಿದ್ರು.”

ಸುಬ್ಬಿಯ ಕೈ ನಿಂತಿತು. ಹಿಂಡಿದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಏಣಿ ಇಲ್ದೆ?”

“ಏಣಿ ಇಲ್ದೆ.”

ಬಡಿಯುತ್ತಾಳೆ ಎಂದುಕೊಂಡಳು ನೇತ್ರಾ. ಬಡಿದಿದ್ದರೆ ಒಳ್ಳೆಯದಿತ್ತು. ಸುಬ್ಬಿ ಬಟ್ಟೆಯನ್ನು ಕಿಟಕಿಯ ಸರಳಿಗೆ ಹಾಕಿ, ಸುಕ್ಕು ಬಿಡಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು.

“ಅಂವ ನಂಗೂ ಹೇಳ್ಲಿಲ್ಲ ಇದ್ನ” ಎಂದಳು. “ಐದು ದಿನ ಆತು, ನಾ ಅವ್ನಿಗೆ ಬೈತಾ ಇದ್ದೆ. ನಿಂಗೆ ಎಂತಕ್ಕೆ ಬೇಕಿತ್ತು ಹತ್ತೂದು, ಮೈಮೇಲೆ ಎಚ್ಚರ ಇಲ್ವಾ ಅಂತ, ಮಲಗ್ದಲ್ಲಿ ಇದ್ದವ್ನಿಗೆ ಬೈದೆ.” ದನಿ ಅಲ್ಲಿ ಒಡೆಯಿತು. ಮತ್ತೆ ಗಟ್ಟಿಯಾಯಿತು. “ನಂಗೆ ಹೇಳಿ ಎಂತ ಆತು? ಹೇಳೂದಾರೆ ಅಲ್ಲಿ ಹೇಳು, ಬರ್ಕಂಬವ್ರ ಮುಂದೆ.”

“ಹೇಳ್ತೆ.”

“ನಂಬ್ಕೆ ಇಲ್ಲ ನಂಗೆ” ಎಂದು ಸುಬ್ಬಿ ಒಳಗೆ ಹೋದಳು.

ಸೋಮವಾರ ಬಂದ ಇನ್ಸ್‌ಪೆಕ್ಟರು ವಯಸ್ಸಾದವರು, ನೆಗಡಿಯಾಗಿ ಮೂಗು ಒರೆಸುತ್ತಲೇ ಇದ್ದರು. ತಿರುವಿನ ಕೆಳಗೆ ನಿಂತು ಮೇಲೆ ನೋಡಿದರು. ಕ್ರೇಟು ನೋಡಿದರು. ಆಫೀಸಿನಲ್ಲಿ ಕೂತು ಹೆಗಡೆಯವರ ಹಾಳೆ ಓದಿ, “ಇದರಲ್ಲಿ ಮೂರನೆಯ ಸಹಿ ಇಲ್ಲವಲ್ಲ” ಎಂದರು.

ನೇತ್ರಾ ತಂದಿದ್ದ ಎರಡು ನಕ್ಷೆಗಳನ್ನು ಮೇಜಿನ ಮೇಲೆ ಹರಡಿದಳು. ಮೊದಲನೆಯದರಲ್ಲಿ ಮೆಟ್ಟಿಲು ಇದೆ, ಎರಡನೆಯದರಲ್ಲಿ ಇಲ್ಲ, ಎರಡೂ ನನ್ನವೇ, ಸಹಿಯೂ ನನ್ನದೇ ಎಂದಳು. ಬಾಟಲಿ ಸಿಕ್ಕಿಕೊಳ್ಳುತ್ತಿದ್ದದ್ದು ಉಂಗುರ ತೆಳ್ಳಗಾದದ್ದಕ್ಕೆ. ಆದರೆ ಶುಕ್ರ ಬಿದ್ದದ್ದು ಅದಕ್ಕಲ್ಲ.

“ಬ್ಲೋವರ್ ಓಡ್ತಿರುವಾಗ ಮೇಲೆ ಹತ್ತಿ ನೋಡಿ ಅಂತ ನಾನೇ ಹೇಳಿದೆ. ಏಣಿ ಬರುವವರೆಗೂ ಕಾಯ್ಲಿಲ್ಲ. ಅವ್ರು ಕುಡಿದಿರ್ಲಿಲ್ಲ. ಬಿದ್ದ ಕೂಡ್ಲೇ ನಾನು ಅವ್ರ ಬಾಯಿಯ ಹತ್ರ ಇದ್ದೆ. ವಾಸನೆ ಇರ್ಲಿಲ್ಲ.”

ಹೆಗಡೆಯವರು ಏನೋ ಹೇಳಹೋದರು. ಇನ್ಸ್‌ಪೆಕ್ಟರು ಕೈಯೆತ್ತಿ ತಡೆದರು. “ಇನ್ನೊಮ್ಮೆ ನಿಧಾನ ಹೇಳಮ್ಮ. ಬರ್ಕೊಳ್ತೇನೆ.”

ಅವಳು ಇನ್ನೊಮ್ಮೆ ಹೇಳಿದಳು. ಎರಡನೆಯ ಸಲ ಮೊದಲನೆಯದಕ್ಕಿಂತ ಕಷ್ಟವಾಯಿತು.

ಹೊರಗೆ ಬಂದಾಗ ವಿಶ್ವನಾಥ ಗೇಟಿನ ಹತ್ತಿರ ಸ್ಕೂಟರಿನ ಮೇಲೆ ಕೂತಿದ್ದ. ಅವಳ ಮುಖ ನೋಡಿಯೇ ಅವನಿಗೆ ಅರ್ಥವಾಯಿತು.

“ನಂಗೊಂದು ಮಾತು ಮೊದ್ಲು ಹೇಳ್ಬೇಕಿತ್ತು ತಂಗಿ.”

“ಹೇಳಿದ್ರೆ ನೀವು ಬೇಡ ಅಂತಿದ್ರಿ.”

“ಅಂತಿದ್ದೆ” ಎಂದ ಅವನು. ಸ್ಕೂಟರು ಚಾಲು ಮಾಡಿದ; ಹಿಂದೆ ಕೂರು ಎನ್ನಲಿಲ್ಲ.

ಆಮೇಲೆ ಆದದ್ದೆಲ್ಲ ನಿಧಾನವಾಗಿ, ಕಾಗದಗಳ ಮೂಲಕ ಆಯಿತು. ಮೆಟ್ಟಿಲು ಅಟ್ಟಣಿಗೆ ಆಗುವವರೆಗೆ ಲೈನು ಓಡಿಸಬಾರದು ಎಂದು ಆದೇಶ ಬಂತು. ಮದ್ಯಪಾನದ ಮಾತು ಬಿದ್ದುಹೋಯಿತು. ಸಹಿ ಹಾಕಿದ್ದ ಲೋಡಿಂಗಿನವರೇ, ನಮಗೆ ಓದಲು ಬರುವುದಿಲ್ಲ, ಹಾಕು ಎಂದರು ಹಾಕಿದೆವು ಎಂದು ಹೇಳಿಬಿಟ್ಟರು. ಪರಿಹಾರ ಸಿಗುತ್ತದೆ, ತಡವಾಗುತ್ತದೆ ಎಂದರು ವಕೀಲರು. ವಿಶ್ವನಾಥ ಅವಳನ್ನು ಕೆಲಸದಿಂದ ಬಿಡಿಸಿದ. ಬಿಡಿಸುವ ಮೊದಲು, ಮುಖ ಕೊಟ್ಟು ಮಾತಾಡದೆ, “ಆ ಸಂದಿಯ ಪಟ್ಟಿಯದೊಂದು ನಕ್ಷೆ ಮಾಡಿಟ್ಟು ಹೋಗು, ಬೇರೆ ಯಾರಿಗೂ ತಿಳಿಯೂದಿಲ್ಲ” ಎಂದ. ಅವಳು ಎರಡು ದಿನ ಕೂತು ಮಾಡಿಟ್ಟಳು. ಸಂದಿಯ ಎತ್ತರವನ್ನು ಮೂರೂವರೆಯಿಂದ ಎರಡೂವರೆಗೆ ಇಳಿಸಿದಳು. ತಿರುವಿನಲ್ಲಿ ಗಾಳಿಯ ಸೀಳುಗಳನ್ನು ಕಡಿಮೆ ಮಾಡಿದಳು. ಇಡೀ ಲೈನನ್ನು ಎದೆಯೆತ್ತರಕ್ಕೆ ಇಳಿಸಿದ ಇನ್ನೊಂದು ಹಾಳೆಯನ್ನೂ ಬಿಡಿಸಿ ಜೊತೆಗಿಟ್ಟಳು. ಅದನ್ನು ಫ್ಯಾಕ್ಟರಿಯವರು ಹಾಗೇ ಬಿಟ್ಟರು. ಪಟ್ಟಿ ಮಾತ್ರ ಹಾಕಿದರು, ಮೆಟ್ಟಿಲು ಹಾಕಿದರು. ಮೇ ಕೊನೆಗೆ ಲೈನು ಮತ್ತೆ ಶುರುವಾಯಿತು ಎಂದು ಅವಳಿಗೆ ಬಸ್ಸಿನಲ್ಲಿ ಸಿಕ್ಕಿದ ಫ್ಯಾಕ್ಟರಿಯ ಹೆಂಗಸರು ಹೇಳಿದರು. ನಿಲ್ಲುತ್ತದಾ ಎಂದು ಕೇಳಿದಳು. ಇಲ್ಲ, ಒಂದು ಸಲವೂ ನಿಂತಿಲ್ಲ ಎಂದರು. ಅವಳಿಗೆ ಖುಷಿಯಾಗಲಿಲ್ಲ.

ಆಗಸ್ಟಿನಲ್ಲಿ ಶುಕ್ರನನ್ನು ಮನೆಗೆ ತಂದರು. ಎಡಗಾಲಿನ ಬೆರಳು ಸ್ವಲ್ಪ ಅಲ್ಲಾಡುತ್ತಿತ್ತು. ಸೊಂಟದಿಂದ ಕೆಳಗೆ ಉಳಿದದ್ದು ಅವನದಲ್ಲದ ಹಾಗೆ ಮಲಗಿರುತ್ತಿತ್ತು. ನೇತ್ರಾ ಆಗ ಹೊನ್ನಾವರದಲ್ಲಿ ಒಬ್ಬರ ಬಳಿ ಮನೆಗಳ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿದ್ದಳು. ಭಾನುವಾರಗಳಲ್ಲಿ ಹೊಳನಗದ್ದೆಗೆ ಹೋಗುವಳು. ಸುಬ್ಬಿ ಬಾ ಎಂದೂ ಅನ್ನುತ್ತಿರಲಿಲ್ಲ, ಬರಬೇಡ ಎಂದೂ ಅನ್ನುತ್ತಿರಲಿಲ್ಲ. ತನ್ನ ಕೆಲಸ ತಾನು ಮಾಡುತ್ತ, ಒಮ್ಮೊಮ್ಮೆ ಚಹದ ಲೋಟ ತಂದು ಜಗಲಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದಳು.

ಶುಕ್ರನ ಮಾತು ಕಡಿಮೆಯಾಗಿತ್ತು. ಒಂದು ಭಾನುವಾರ ಮಾತ್ರ ಅವನು ಕೇಳಿದ: “ಉಂಗ್ರದ ಮೇಲೆ ಉಂಗ್ರ ಹತ್ತೂದು ಈಗ ಇಲ್ಲ ಅಲ್ದಾ?”

“ಇಲ್ಲ ಶುಕ್ರಣ್ಣ. ಸಂದಿ ಸಣ್ಣ ಮಾಡಿದ್ರು. ನೀವು ಹೇಳದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ.”

ಅವನು ಹೂಂ ಎಂದ. ಆಮೇಲೆ ಗೋಡೆಯ ಕಡೆ ಮುಖ ಮಾಡಿ, “ನಾ ಅದನ್ನ ನೋಡದೇ ಇದ್ದಿದ್ರೆ ಒಳ್ಳೇದಿತ್ತು” ಎಂದ.



ಮಲಗಿದಲ್ಲೇ ಹುಣ್ಣಾಗದ ಹಾಗೆ ಅವನನ್ನು ಎರಡು ತಾಸಿಗೊಮ್ಮೆ ಮಗ್ಗುಲು ತಿರುಗಿಸಬೇಕಿತ್ತು. ಸುಬ್ಬಿಯೊಬ್ಬಳೇ ಅದನ್ನು ಮಾಡುತ್ತ ಮಾಡುತ್ತ ಅವಳ ಮಣಿಕಟ್ಟು ಊದಿತ್ತು. ಆ ದಿನ ಸುಬ್ಬಿ ಒಳಗಿನಿಂದ ಬಂದು ಗಂಡನ ಭುಜದ ಕೆಳಗೆ ಕೈ ಹಾಕಿ, ತಿರುಗದೆಯೇ ಹೇಳಿದಳು:

“ಸೊಂಟ ಹಿಡಿ. ಬೆನ್ನಿಗೆ ಕೈ ಹಾಕ್ಬೇಡ.”

ತನಗೇ ಹೇಳಿದ್ದು ಎಂದು ನೇತ್ರಾಳಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಅವಳು ಎದ್ದು ಬಂದು ಹಿಡಿದಳು. ಇಬ್ಬರೂ ಒಟ್ಟಿಗೆ ತಿರುಗಿಸಿದರು. ಶುಕ್ರ ಹಲ್ಲು ಕಚ್ಚಿ ಉಸಿರು ಬಿಟ್ಟ. ಸುಬ್ಬಿ ಕಾಲುಗಳ ನಡುವೆ ದಿಂಬು ಇಟ್ಟು, ಹೊದಿಕೆ ಸರಿ ಮಾಡಿ, ಗೋಡೆಯ ಗಡಿಯಾರ ನೋಡಿದಳು.

“ಇನ್ನು ಐದಕ್ಕೆ. ನಿನ್ನ ಬಸ್ಸು ನಾಲ್ಕಕ್ಕೆ ಅಲ್ದಾ. ಹೋಗೂದಾರೆ ಹೋಗು. ನಿಲ್ಲೂದಾರೆ ನಾ ಗದ್ದೆ ಬದಿಗೆ ಹೋಗಿ ಬತ್ತೆ, ಕಳೆ ಕೀಳದೆ ಹದಿನೈದು ದಿನ ಆತು.”

“ನಿಲ್ತೆ.”

ಸುಬ್ಬಿ ಮಳೆಗೆ ಹೊದೆಯುವ ಗೊರಬು ತಲೆಗೇರಿಸಿಕೊಂಡು ಅಂಗಳ ಇಳಿದಳು. ಮಳೆ ಹನಿಯುತ್ತಿತ್ತು. ನೇತ್ರಾ ಮಂಚದ ಪಕ್ಕದ ಮಣೆಯ ಮೇಲೆ ಕೂತಳು. ಐದು ಗಂಟೆಗೆ ಸುಬ್ಬಿ ಇನ್ನೂ ಬಂದಿರಲಿಲ್ಲ. ನೇತ್ರಾ ಎದ್ದು, ಒಂದು ಕೈ ಸೊಂಟಕ್ಕೆ, ಒಂದು ಕೈ ಭುಜದ ಕೆಳಗೆ ಕೊಟ್ಟು, “ಶುಕ್ರಣ್ಣ, ತಿರುಗಿಸ್ತೆ” ಎಂದಳು.

“ನಿಧಾನ” ಎಂದ ಅವನು.